ಆಟ ನೋಡಿ ಬರೆಯುವವರಿಗೆ

ಉಡುಪಿ, ಮಂಗಳೂರಿನಲ್ಲಿ ಕಲೆಯ ಬಗ್ಗೆ ಬರೆಯಹೊರಟವರು ಇವತ್ತಲ್ಲ ನಾಳೆ ಯಕ್ಷಗಾನದ ಮುಂದೆ ಕೂರಲೇಬೇಕು. ಇಲ್ಲಿನ ಓದುಗರಲ್ಲಿ ಅನೇಕರು ಬರೆಯುವವರಿಗಿಂತ ಹೆಚ್ಚು ಆಟ (ಯಕ್ಷಗಾನ ಪ್ರದರ್ಶನ) ನೋಡಿದವರು. 'ಪಾತ್ರ ಮನಸೂರೆಗೊಂಡಿತು' ಎಂದರೆ ಅವರಿಗೆ ಏನೂ ದಕ್ಕುವುದಿಲ್ಲ. ಯಾವ ಪದ್ಯಕ್ಕೆ ಯಾರು ಏನು ಮಾಡಿದರು, ಅದು ಬೇಕು.

ರಂಗಸ್ಥಳಕ್ಕೆ ಮೊದಲು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ. ತೆಂಕಿನ (ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿ (ಉಬ್ಬಿದ ಬಿಳಿ ಚುಕ್ಕೆಗಳ ಸಾಲು) ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಅದನ್ನು ನೋಡದೆ ಆ ವೇಷದ ಬಗ್ಗೆ ಬರೆದರೆ ಅರ್ಧ ಬರೆದಂತೆ. ಹೆಸರು ಖಚಿತ ಮಾಡಿಕೊಳ್ಳುವ ಜಾಗವೂ ಅದೇ. ಕರಪತ್ರದಲ್ಲಿ ಒಬ್ಬರ ಹೆಸರಿದ್ದು ವೇಷ ಇನ್ನೊಬ್ಬರದಾಗಿರುವುದುಂಟು. ಮೊದಲ ಭಾಗದ ಭೀಮ ಒಬ್ಬರು, ಬೆಳಗಿನ ಜಾವದ ಭೀಮ ಮತ್ತೊಬ್ಬರು. ಹೆಸರು ತಪ್ಪಿದ ವಿಮರ್ಶೆಯನ್ನು ಕಲಾವಿದರು ವರ್ಷಗಟ್ಟಲೆ ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ.

ಹೊಸಬರು ಎಡವುವುದು ಹಿಮ್ಮೇಳದಲ್ಲಿ, ಹಾಡು, ವಾದ್ಯದವರ ವಿಷಯದಲ್ಲಿ. ವೇಷಕ್ಕೆ ಹತ್ತು ಸಾಲು ಕೊಟ್ಟು, ಭಾಗವತರು, ಚೆಂಡೆ, ಮದ್ದಳೆಯವರನ್ನು ಕೊನೆಗೆ 'ಸಹಕರಿಸಿದರು' ಎಂದು ಮುಗಿಸುತ್ತಾರೆ. ಪದ್ಯ ಹಾಡಿ ಆಟ ನಡೆಸುವವರೇ ಭಾಗವತರು. ಪದ್ಯದ ಓಟ ಸಡಿಲವಾದರೆ ಕುಣಿತ ಏರುವುದಿಲ್ಲ, ಆ ತಪ್ಪನ್ನು ವೇಷಧಾರಿಯ ಮೇಲೆ ಹೊರಿಸಬಾರದು. ತೆಂಕು, ಬಡಗು (ಉತ್ತರದ್ದು) ಎಂಬ ತಿಟ್ಟುಗಳನ್ನೂ, ಅಂದರೆ ಶೈಲಿಗಳನ್ನೂ, ಬೆರೆಸಬೇಡಿ: ತೆಂಕಿನ ಚೆಂಡೆಯನ್ನು ಹೆಗಲಿಗೆ ತೂಗುಹಾಕಿ ನಿಂತು ಬಾರಿಸುತ್ತಾರೆ, ಬಡಗಿನದ್ದು ಕೂತು. ದಿಗಿಣ (ಹಾರಿ ತಿರುಗುವ ಕುಣಿತ) ತೆಂಕಿನ ಮಾತು, ಮಂಡಿ (ಮೊಣಕಾಲೂರಿ ತಿರುಗುವ ಕುಣಿತ) ಬಡಗಿನದ್ದು.

ಇಡೀ ರಾತ್ರಿಯನ್ನು ಟಿಪ್ಪಣಿ ಮಾಡಲು ಹೋಗಬೇಡಿ, ಕೈ ಸೋಲುತ್ತದೆ, ಕಣ್ಣು ರಂಗ ಬಿಡುತ್ತದೆ. ಐದಾರು ಪದ್ಯ ಸಾಕು: ಪದ್ಯದ ಮೊದಲ ಸಾಲು, ರಾಗ, ತಾಳ, ಅದಕ್ಕೆ ವೇಷಧಾರಿ ಹೇಳಿದ ಅರ್ಥದ (ಸಂಭಾಷಣೆಯ) ಒಂದು ಮಾತು. ಅರ್ಥ ಬರೆದಿಟ್ಟದ್ದಲ್ಲ, ಆ ರಾತ್ರಿ ಹುಟ್ಟಿದ್ದು. ನೀವು ಹಿಡಿದಿಟ್ಟರಷ್ಟೇ ಉಳಿದೀತು. ಪ್ರಸಂಗಕರ್ತರ, ಅಂದರೆ ಆಟದ ಕಥೆಯನ್ನು ಪದ್ಯದಲ್ಲಿ ಬರೆದವರ, ಹೆಸರನ್ನೂ ಬಿಡಬೇಡಿ. ನಂದಳಿಕೆಯ ಮುದ್ದಣ 'ರತ್ನಾವತಿ ಕಲ್ಯಾಣ'ವನ್ನು ಯಕ್ಷಗಾನಕ್ಕೆ ಬರೆದವನೆಂದು ಅವನ 'ರಾಮಾಶ್ವಮೇಧ' ಓದಿದವರಲ್ಲೂ ಎಷ್ಟೋ ಜನ ಅರಿಯರು.

ಬರೀ ಅಂಕಣದ ಸಂಭಾವನೆಯಿಂದ ಮನೆ ನಡೆಯುವುದು ಕಷ್ಟ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು (ಯಕ್ಷಗಾನ ತಂಡಗಳು) ಗೆಜ್ಜೆ ಬಿಚ್ಚಿ ಆಟ ನಿಲ್ಲಿಸಿದ ಮೇಲೆ ಮಳೆಗಾಲದ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಕೂಟ), ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳ ಕೆಲಸ ಇರುತ್ತದೆ. ಗ್ರಂಥದಲ್ಲಿ ಹೆಚ್ಚು ಕೆಡುವುದು ಇಸವಿ. ಒಂದೇ ಕಲಾವಿದರ ತಿರುಗಾಟಕ್ಕೆ (ಮೇಳದೊಡನೆ ಊರೂರು ಸುತ್ತಿದ್ದಕ್ಕೆ) ಮೂರು ಲೇಖನದಲ್ಲಿ ಮೂರು ಇಸವಿ ಬಂದಿರುತ್ತದೆ. ಹಿರಿಯರನ್ನು 'ಯಾವ ವರ್ಷ' ಎಂದು ಕೇಳಿದರೆ ಅಂದಾಜು ಹೇಳುತ್ತಾರೆ. 'ಆಗ ಮೇಳದಲ್ಲಿ ಭಾಗವತರು ಯಾರಿದ್ದರು, ಮದ್ದಳೆಗೆ ಯಾರು, ಸ್ತ್ರೀವೇಷಕ್ಕೆ ಯಾರು' ಎಂದು ಕೇಳಿ. ಅದು ಅವರಿಗೆ ನಿನ್ನೆಯಂತೆ ನೆನಪಿರುತ್ತದೆ. ಆ ಮೂರು ಹೆಸರು ಸಿಕ್ಕರೆ ಹಳೆಯ ಕರಪತ್ರ ತೆಗೆದು ಇಸವಿ ಕೂಡಿಸಬಹುದು.