ಗುಂಯ್‌ಗುಟ್ಟಿದರೂ ಬಿಸಿಯಾಗದ ಓವನ್

ಕಳೆದ ತಿಂಗಳು ನಮ್ಮ ಮನೆಯ ಮೈಕ್ರೋವೇವ್ ಓವನ್ ಕೆಟ್ಟಿತು. ದೀಪ ಹತ್ತುತ್ತಿತ್ತು, ಗಾಜಿನ ತಟ್ಟೆ ತಿರುಗುತ್ತಿತ್ತು, ಫ್ಯಾನೂ ಓಡುತ್ತಿತ್ತು. ಆದರೆ ಒಳಗಿಟ್ಟ ಸಾರು ಫ್ರಿಜ್ಜಿನಿಂದ ತೆಗೆದಾಗ ಇದ್ದಷ್ಟೇ ತಣ್ಣಗಿರುತ್ತಿತ್ತು. ಜೊತೆಗೆ ಎಂದೂ ಕೇಳದಷ್ಟು ಗಡುಸಾದ ಗುಂಯ್ ಶಬ್ದ. ರಿಪೇರಿಯವರೊಬ್ಬರು ಫೋನಿನಲ್ಲೇ ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಭಾಗ) ಹೋಗಿದೆಯೆಂದು ತೀರ್ಪು ಕೊಟ್ಟರು. ಫಿಲಮೆಂಟ್ (ಒಳಗಿನ ಕಾಯುವ ತಂತಿ) ಕಡಿದ ಮ್ಯಾಗ್ನೆಟ್ರಾನ್ ಟ್ರಾನ್ಸ್‌ಫಾರ್ಮರನ್ನು ಹಾಗೆ ನರಳಿಸುವುದಿಲ್ಲವಾದ್ದರಿಂದ, ಟ್ರಾನ್ಸ್‌ಫಾರ್ಮರಿನಾಚೆ ಎಲ್ಲೋ ಶಾರ್ಟ್ ಆಗಿರಬೇಕೆಂದು ನನಗೆ ಅನುಮಾನ ಬಂತು.

ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಮತ್ತು ಒಂದೇ ದಿಕ್ಕಿಗೆ ವಿದ್ಯುತ್ ಹರಿಯಬಿಡುವ ಡಯೋಡ್ ಸೇರಿ ಅದನ್ನು ಮತ್ತೆ ಸರಿಸುಮಾರು ಇಮ್ಮಡಿಗೊಳಿಸಿ ಮ್ಯಾಗ್ನೆಟ್ರಾನಿಗೆ ಕೊಡುತ್ತವೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಅದರೊಳಗೆ ಸಾಮಾನ್ಯವಾಗಿ 10 ಮೆಗಾಓಮಿನ ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಇದ್ದು ಒಂದೆರಡು ನಿಮಿಷದಲ್ಲಿ ಅದನ್ನು ಇಳಿಸುತ್ತದೆ, ನಿಜ. ಆದರೆ ಆ ರೆಸಿಸ್ಟರೇ ಕೆಟ್ಟಿದ್ದರೆ ಹೊರಗಿನಿಂದ ಅದು ತಿಳಿಯುವುದಿಲ್ಲ. ಆದ್ದರಿಂದ ಪ್ಲಗ್ ಕಿತ್ತು, ಕೆಲವು ನಿಮಿಷ ಕಾದು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಹೈ ವೋಲ್ಟೇಜಿಗೆ ತಕ್ಕ ರೆಸಿಸ್ಟರ್ ಜೋಡಿಸಿದ ತಂತಿಯಿಂದ ಕೆಪಾಸಿಟರನ್ನು ಖಾಲಿ ಮಾಡಿದೆ. ಆಮೇಲೆ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಎರಡೂ ತುದಿಗಳನ್ನು ಕೂಡಿಸಿ ಖಚಿತಪಡಿಸಿಕೊಂಡೆ. ಓವನ್ ಚಾಲೂ ಇರುವಾಗ ಈ ಭಾಗದ ವೋಲ್ಟೇಜ್ ಅಳೆಯಲು ಮನೆಯ ಮಲ್ಟಿಮೀಟರ್ ತಕ್ಕದ್ದಲ್ಲ. ನಾನು ಅಳೆದದ್ದೆಲ್ಲ ಪ್ಲಗ್ ಕಿತ್ತ ಮೇಲೆ, ತಂತಿಗಳನ್ನು ಬಿಡಿಸಿ, ವಿದ್ಯುತ್ತಿಗಿರುವ ತಡೆಯನ್ನು ಓಮ್‌ಗಳಲ್ಲಿ ಮಾತ್ರ.

ಮ್ಯಾಗ್ನೆಟ್ರಾನಿನ ಎರಡು ತುದಿಗಳ ನಡುವೆ ಒಂದು ಓಮಿಗಿಂತ ಕಡಿಮೆ, ತುದಿಯಿಂದ ಲೋಹದ ಕವಚಕ್ಕೆ ಸಂಪರ್ಕವೇ ಇಲ್ಲ; ಅದು ಸರಿಯಾಗಿಯೇ ಇತ್ತು. ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಸುರುಳಿ ನೂರು ಓಮಿನ ಆಸುಪಾಸು ತೋರಿಸಿತು. ಡಯೋಡ್ ಮಾತ್ರ ಎರಡೂ ದಿಕ್ಕಿನಲ್ಲಿ ಕೆಲವೇ ಓಮ್ ತೋರಿಸಿತು, ಅಂದರೆ ಪೂರ್ತಿ ಶಾರ್ಟ್.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಿಂದ ಹೊಸ ಡಯೋಡ್ ತಂದು ಅಳೆದಾಗ ಗಾಬರಿಯಾಯಿತು: ಅದು ಎರಡೂ ದಿಕ್ಕಿನಲ್ಲಿ ಓಪನ್, ಅಂದರೆ ವಿದ್ಯುತ್ ಹರಿಯುವುದೇ ಇಲ್ಲ ಎಂದು ಮೀಟರ್ ಹೇಳುತ್ತಿತ್ತು. ಅಂಗಡಿಯವರನ್ನು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು. ಆದರೆ ತಪ್ಪು ಮೀಟರಿನ ಮಿತಿಯದು. ಇಂತಹ ಡಯೋಡಿನೊಳಗೆ ಹಲವು ಡಯೋಡುಗಳು ಸಾಲಾಗಿ ಸೇರಿರುವುದರಿಂದ ಅದು ತೆರೆದುಕೊಳ್ಳಲು ಹಲವು ವೋಲ್ಟ್ ಬೇಕು. ಮೀಟರಿನ ಡಯೋಡ್ ಪರೀಕ್ಷೆ ಅಷ್ಟನ್ನು ಒದಗಿಸುವುದಿಲ್ಲ. 9 ವೋಲ್ಟಿನ ಬ್ಯಾಟರಿಯನ್ನು ಸಾಲಿನಲ್ಲಿ ಸೇರಿಸಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟಾಗ ಒಂದು ದಿಕ್ಕಿನಲ್ಲಿ ಕೆಲವು ವೋಲ್ಟ್ ಕಾಣಿಸಿತು, ತಿರುಗಿಸಿದಾಗ ಬಹುತೇಕ ಸೊನ್ನೆ. ಅಂಗಡಿಯವರು ಕೊಟ್ಟದ್ದು ಒಳ್ಳೆಯ ಮಾಲೇ!

ಹೊಸ ಡಯೋಡಿನ ಉಂಗುರದಂತಹ ತುದಿಯನ್ನು ಓವನ್ನಿನ ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿದು, ಇನ್ನೊಂದನ್ನು ಕೆಪಾಸಿಟರಿಗೆ ಸಿಕ್ಕಿಸಿ ಮುಚ್ಚಳ ಹಾಕಿದೆ. ಒಂದು ಲೀಟರ್ ನೀರಿಟ್ಟು ಒಂದು ನಿಮಿಷ ಓಡಿಸಿದಾಗ ಅದು 26 ಡಿಗ್ರಿಯಿಂದ 37ಕ್ಕೆ ಏರಿತು. ಲೆಕ್ಕ ಹಾಕಿದರೆ ಸುಮಾರು 770 ವ್ಯಾಟ್. ಹಿಂಬದಿಯ ಚೀಟಿಯಲ್ಲಿ 800 ಎಂದಿದೆ.