ಮೇಯೋದ ಓ'ಮ್ಯಾಲಿ ಕುಲದ ಹಿರಿಯರ ಸ್ಮರಣೆಗೆ ಹೊರಡುವವರಿಗೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೋ ಕೌಂಟಿಯಲ್ಲಿ, ಕ್ಲ್ಯೂ ಕೊಲ್ಲಿಯ ಸುತ್ತ ಶತಮಾನಗಳಿಂದ ನೆಲೆಸಿರುವ ಓ'ಮ್ಯಾಲಿ ಮನೆತನದವರು ಬೇಸಗೆಯಲ್ಲಿ ಒಟ್ಟುಗೂಡುವ ಸಂದರ್ಭಗಳು ಮುಖ್ಯವಾಗಿ ಎರಡು. ಒಂದು, 1953ರಲ್ಲಿ ಆರಂಭವಾದ ಕುಲ ಸಂಘದ ಸಮಾವೇಶ. ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡುಗಳಿಂದ ಬಂದವರೂ ಸೇರಿ ಅಲ್ಲಿ ಕುಲದ ಮುಖ್ಯಸ್ಥರನ್ನು ಆರಿಸುತ್ತಾರೆ, ಊಟ ಹಾಡು ಕುಣಿತಗಳಿರುತ್ತವೆ, ಅಗಲಿದವರಿಗಾಗಿ ಚರ್ಚಿನಲ್ಲಿ ಒಂದು ಬಲಿಪೂಜೆಯೂ, ಅಂದರೆ 'ಮಾಸ್' ಪ್ರಾರ್ಥನೆಯೂ, ಇರುವುದುಂಟು. ಇನ್ನೊಂದು, ಆಯಾ ಚರ್ಚಿನ ಊರಿನವರು ತಮ್ಮ ತಮ್ಮ ಸ್ಮಶಾನಗಳಲ್ಲಿ ನಡೆಸುವ 'ಸೆಮೆಟರಿ ಸಂಡೆ', ಅಂದರೆ ಸಮಾಧಿಗಳನ್ನು ಆಶೀರ್ವದಿಸುವ ಭಾನುವಾರ. ನಮ್ಮ ಬೀಗಿತ್ತಿಯವರ ತವರು ಲೂಯಿಸ್‌ಬರ್ಗ್ ಬಳಿಯ ಓ'ಮ್ಯಾಲಿ ಕುಟುಂಬವಾದ್ದರಿಂದ ನಮಗೆ ಎರಡರಲ್ಲೂ ಪಾಲ್ಗೊಳ್ಳುವ ಅವಕಾಶ ಸಿಕ್ಕಿತು. ಒಂದಕ್ಕಷ್ಟೇ ರಜೆ ಸಿಗುವುದಾದರೆ ಎರಡನೆಯದಕ್ಕೆ ಹೋಗಿ ಎಂಬುದು ನನ್ನ ಖಚಿತ ಸಲಹೆ. ಸಮಾವೇಶ ಇರುವುದು ಬದುಕಿರುವವರ ಪರಿಚಯಕ್ಕೆ. ಸತ್ತವರು ಯಾರು, ಹೇಗಿದ್ದರು, ಎಲ್ಲಿ ಮಲಗಿದ್ದಾರೆ ಎಂಬುದನ್ನು ತಿಳಿಯಬೇಕಾದರೆ ಊರಿನವರೆಲ್ಲ ಸಮಾಧಿಗಳ ಪಕ್ಕದಲ್ಲೇ ನಿಂತಿರುವ ಆ ಒಂದು ಮಧ್ಯಾಹ್ನಕ್ಕಿಂತ ಒಳ್ಳೆಯ ಸಮಯವಿಲ್ಲ.

ಈಚಿನ ವರ್ಷಗಳಲ್ಲಿ ಡಬ್ಲಿನ್, ಕಾರ್ಕ್, ಗಾಲ್ವೇ ನಗರಗಳಲ್ಲಿ ಕನ್ನಡಿಗರು ಹೆಚ್ಚಾಗಿ ನೆಲೆಸುತ್ತಿರುವುದರಿಂದ, ಐರಿಷ್ ಬೀಗರ ಅಥವಾ ಸ್ನೇಹಿತರ ಮನೆಯಿಂದ ಇಂಥ ಕರೆ ಬರುವುದು ಅಪರೂಪವೇನಲ್ಲ. ಊರಿನಿಂದ ಬರುವ ತಂದೆತಾಯಿಯರು ಮೊದಲು ಗಮನಿಸಬೇಕಾದದ್ದು, ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ ಎಂಬುದನ್ನು. ಫ್ರಾನ್ಸ್, ಜರ್ಮನಿಗೆ ಪಡೆದ ವೀಸಾ ಅಲ್ಲಿ ನಡೆಯುವುದಿಲ್ಲ. ಪ್ರತ್ಯೇಕ ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ದಾಖಲೆಗಳನ್ನು ವೀಸಾ ಕೇಂದ್ರಕ್ಕೆ ಒಪ್ಪಿಸಬೇಕು, ಕರೆದವರ ಪತ್ರವನ್ನೂ ಜೊತೆಗಿಡಬೇಕು. ಬೆಂಗಳೂರಿನಿಂದ ಡಬ್ಲಿನ್‌ಗೆ ದುಬೈ, ದೋಹಾ, ಅಬುಧಾಬಿ ಅಥವಾ ಯುರೋಪಿನ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಹೋಗಬೇಕಾಗುತ್ತದೆ. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಮೇಯೋದ ವೆಸ್ಟ್‌ಪೋರ್ಟ್ ಪಟ್ಟಣಕ್ಕೆ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ಮುಂದೆ ಕಾರು ಇರಲೇಬೇಕು. ಬಸ್ಸುಗಳು ವಿರಳ, ಭಾನುವಾರವಂತೂ ಅವನ್ನು ನಂಬಿ ಹೊರಡುವಂತಿಲ್ಲ. ನಮ್ಮಂತೆಯೇ ರಸ್ತೆಯ ಎಡಗಡೆ ಓಡಿಸುವ ದೇಶವಾದ್ದರಿಂದ ಹೆಚ್ಚಿನ ತೊಂದರೆಯಾಗದು. ಆದರೆ ಹಳ್ಳಿಯ ದಾರಿಗಳು ಇಕ್ಕಟ್ಟು, ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಸರಿಯುವವರು ನೀವೇ.

ದಿನಾಂಕದ ವಿಷಯದಲ್ಲಿ ಎಚ್ಚರಿಕೆ ಬೇಕು. ಸಮಾಧಿಗಳನ್ನು ಆಶೀರ್ವದಿಸುವ ಭಾನುವಾರ ದೇಶಕ್ಕೆಲ್ಲ ಒಂದೇ ಅಲ್ಲ. ಒಂದೊಂದು ಚರ್ಚಿನ ವ್ಯಾಪ್ತಿಯಲ್ಲಿ, ಕೆಲವೊಮ್ಮೆ ಒಂದೊಂದು ಸ್ಮಶಾನಕ್ಕೂ, ಬೇರೆ ಬೇರೆ ದಿನವನ್ನು ಗೊತ್ತುಮಾಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವು ಹರಡಿಕೊಂಡಿರುವುದಕ್ಕೆ ಕಾರಣ ಸರಳ: ಆಗ ಮಳೆ ಗಾಳಿ ಸ್ವಲ್ಪ ಕಡಿಮೆ, ಹೊರದೇಶಕ್ಕೆ ದುಡಿಯಲು ಹೋದ ಮಕ್ಕಳು ರಜೆಗೆ ಊರಿಗೆ ಬಂದಿರುತ್ತಾರೆ. ಚರ್ಚಿನ ವಾರದ ಸುದ್ದಿಪತ್ರದಲ್ಲಿ ದಿನ ಪ್ರಕಟವಾದ ಮೇಲೆಯೇ ಟಿಕೆಟ್ ಮಾಡಿಸಿ. ಜುಲೈ ತಿಂಗಳ ಕೊನೆಯ ಭಾನುವಾರವನ್ನು ಮಾತ್ರ ಸಾಧ್ಯವಾದರೆ ತಪ್ಪಿಸಿ. ಅಂದು 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು ಹತ್ತಲು ಸಾವಿರಾರು ಯಾತ್ರಿಕರು, ಕೆಲವರು ಬರಿಗಾಲಲ್ಲೇ, ಬರುತ್ತಾರೆ. ವೆಸ್ಟ್‌ಪೋರ್ಟ್‌ನಲ್ಲಿ ಕೋಣೆಯೂ ಸಿಗದು, ಬೆಟ್ಟದ ತಪ್ಪಲಿನ ಮರ್ರಿಸ್ಕ್‌ನಲ್ಲಿ ಕಾರು ನಿಲ್ಲಿಸಲು ಜಾಗವೂ ಸಿಗದು.

ಹೊರಡುವ ಮೊದಲು ಮನೆಯಲ್ಲಿ ಕುಳಿತು ಮಾಡಬೇಕಾದ ಕೆಲಸ ಬಹಳವಿದೆ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋದಾಗ 1821ರಿಂದ 1851ರವರೆಗಿನ ಜನಗಣತಿಯ ಪುಸ್ತಕಗಳಲ್ಲಿ ಬಹುಪಾಲು ನಾಶವಾದವು. ಅನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು. ಹಾಗಾಗಿ 1901 ಮತ್ತು 1911ರ ಗಣತಿಯೇ ಮೊದಲ ಆಸರೆ, ಇವೆರಡನ್ನೂ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಎಲ್ಲ ಧರ್ಮದವರ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1864ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಕ್ಯಾಥೊಲಿಕ್ ಚರ್ಚುಗಳ ಜ್ಞಾನಸ್ನಾನದ (ಬ್ಯಾಪ್ಟಿಸಮ್‌ನ) ಪುಸ್ತಕಗಳನ್ನೂ, 19ನೆಯ ಶತಮಾನದ ನಡುವಿನಲ್ಲಿ ಯಾವ ಜಮೀನು ಯಾರ ಗೇಣಿಯಲ್ಲಿತ್ತೆಂದು ಹೇಳುವ 'ಗ್ರಿಫಿತ್ ವ್ಯಾಲ್ಯುಯೇಷನ್' ಪಟ್ಟಿಯನ್ನೂ ಹುಡುಕಬೇಕು.

ಈ ಹುಡುಕಾಟದಿಂದ ಕೈಗೆ ಬರಬೇಕಾದದ್ದು ಮುಖ್ಯವಾಗಿ 'ಟೌನ್‌ಲ್ಯಾಂಡ್' ಹೆಸರು. ಹೆಸರಿನಲ್ಲಿ ಪಟ್ಟಣವಿದ್ದರೂ ಅದು ಕೆಲವೇ ಹೊಲಮನೆಗಳ ಚಿಕ್ಕ ಪ್ರದೇಶ. ಓ'ಮ್ಯಾಲಿ ಎಂದಷ್ಟೇ ಹೇಳಿದರೆ ಆ ಸೀಮೆಯಲ್ಲಿ ಯಾರೂ ದಾರಿ ತೋರಲಾರರು, ಏಕೆಂದರೆ ಕೇಳುವ ಅಂಗಡಿಯವರೂ ಓ'ಮ್ಯಾಲಿ, ದೋಣಿ ನಡೆಸುವವರೂ ಓ'ಮ್ಯಾಲಿ. ಒಂದೇ ಊರಿನಲ್ಲಿ ಅದೇ ಹೆಸರಿನ ಹಲವರು ಇರುವುದರಿಂದ ಊರವರು ಮನುಷ್ಯನ ಹೆಸರಿನ ಬಳಿಕ ಅವನ ಅಪ್ಪನ ಹೆಸರನ್ನೂ ಅಜ್ಜನ ಹೆಸರನ್ನೂ ಪೋಣಿಸಿ ಕರೆಯುತ್ತಾರೆ, ಮನೆತನದ ಹೆಸರನ್ನು ಬಿಟ್ಟೇಬಿಡುತ್ತಾರೆ. ಟೌನ್‌ಲ್ಯಾಂಡ್, ಅಪ್ಪ, ಅಜ್ಜ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಭಾನುವಾರದ ಹಿಂದಿನ ದಿನವೇ ಸ್ಮಶಾನಕ್ಕೆ ಹೋಗಿ. ನಮ್ಮ ಬೀಗಿತ್ತಿಯವರು ಕಾರಿನ ಹಿಂಬದಿಯಲ್ಲಿ ಖಾಲಿ ಹಾಲಿನ ಕ್ಯಾನುಗಳಲ್ಲಿ ನೀರು, ಮೆತ್ತನೆಯ ಬ್ರಷ್, ಹುಲ್ಲು ಕೀಳುವ ಕೈಗುದ್ದಲಿ, ಮಂಡಿಯೂರಲು ಮಡಿಸಿದ ಗೋಣಿಚೀಲ ಇವನ್ನೆಲ್ಲ ಹೇರಿಕೊಂಡು ಬಂದಿದ್ದರು. ಅಕ್ಕಪಕ್ಕದ ಸಮಾಧಿಗಳಲ್ಲೂ ಅದೇ ಕೆಲಸ ನಡೆದಿತ್ತು: ಬಿಳಿ ಜಲ್ಲಿಯ ನಡುವೆ ಹುಟ್ಟಿದ ಕಳೆಯನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕುವುದು, ಕಲ್ಲಿನ ಅಕ್ಷರಗಳ ಸಂದಿಯ ಮಣ್ಣನ್ನು ತೊಳೆಯುವುದು, ಹೂವಿನ ಕುಂಡವನ್ನು ಗಾಳಿಗೆ ಉರುಳದಂತೆ ಕಲ್ಲಿಟ್ಟು ಗಟ್ಟಿಮಾಡುವುದು. ಕೈ ಕೆಲಸ ಮಾಡುತ್ತಿರುವಾಗ ಮಾತು ತಾನಾಗಿ ಬರುತ್ತದೆ. ಚಿಕ್ಕಪ್ಪ ಒಬ್ಬರು ಕುದುರೆ ಮಾರಿ ಕುಡಿದದ್ದು, ಸೋದರತ್ತೆ ಬಾಸ್ಟನ್‌ನಿಂದ ಕಳಿಸುತ್ತಿದ್ದ ಡಾಲರುಗಳಿಂದ ಮನೆಗೆ ಹೆಂಚು ಹೊದಿಸಿದ್ದು ಇಂಥ ಸಂಗತಿಗಳು ಯಾವ ನೋಂದಣಿ ಪುಸ್ತಕದಲ್ಲೂ ಸಿಗುವುದಿಲ್ಲ. ಪ್ರತಿ ಹೆಸರು ಬಾಯಿಗೆ ಬಂದಾಗಲೂ, ಆ ಮನುಷ್ಯ ಎಷ್ಟೇ ಕಿರುಕುಳ ಕೊಟ್ಟವನಾಗಿರಲಿ, 'ಗಾಡ್ ರೆಸ್ಟ್ ಹಿಮ್' (ದೇವರು ಅವನಿಗೆ ಶಾಂತಿ ಕೊಡಲಿ) ಎಂದು ಸೇರಿಸಿಯೇ ಮುಂದುವರಿಯುತ್ತಾರೆ.

ಹಳೆಯ ಕಲ್ಲುಗಳಿಗೆ ಮಾತ್ರ ಬ್ರಷ್ ಮುಟ್ಟಿಸಬೇಡಿ. ಪಾಚಿ, ಕಲ್ಲುಹೂವು ಕಟ್ಟಿದ ಅಕ್ಷರಗಳನ್ನು ಓದಲು ತಂತಿಯ ಬ್ರಷ್‌ನಿಂದ ಉಜ್ಜುವುದು, ಬ್ಲೀಚ್ ಸುರಿಯುವುದು, ಸೀಮೆಸುಣ್ಣ ತಿಕ್ಕುವುದು ಕಲ್ಲನ್ನೇ ಕೆಡಿಸುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೆ ಕಲ್ಲಿನ ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿ. ಮಸುಕಾದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ.

ಮರುದಿನದ ವಿಧಿ ದೀರ್ಘವಾದದ್ದಲ್ಲ. ಗುರುಗಳು ಬಲಿಪೂಜೆ ಅಥವಾ ಪ್ರಾರ್ಥನೆ ನಡೆಸುತ್ತಾರೆ, ಜನ ಜಪಸರ ಹೇಳುತ್ತಾರೆ, ಬಳಿಕ ಗುರುಗಳು ಸಾಲು ಸಾಲಾಗಿ ನಡೆದು ಸಮಾಧಿಗಳ ಮೇಲೆ ತೀರ್ಥ ಚಿಮುಕಿಸುತ್ತಾರೆ. ಪ್ರತಿ ಕುಟುಂಬವೂ ತನ್ನವರ ಕಲ್ಲಿನ ಬಳಿಯೇ ನಿಂತಿರುವುದರಿಂದ, ಇಡೀ ಸ್ಮಶಾನವೇ ಊರಿನ ವಂಶವೃಕ್ಷವನ್ನು ಬಿಡಿಸಿಟ್ಟಂತೆ ಕಾಣುತ್ತದೆ. ಚೀಟಿಯ ಪ್ರಶ್ನೆಗಳನ್ನು ಯಾರಲ್ಲಿ ಕೇಳಬೇಕೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಕ್ಯಾಥೊಲಿಕರಲ್ಲದವರು ಪರಮಪ್ರಸಾದವನ್ನು ಸ್ವೀಕರಿಸುವಂತಿಲ್ಲ. ನಿಂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸೀರೆ ಉಡಬಹುದು, ಆದರೆ ಅಟ್ಲಾಂಟಿಕ್ ಗಾಳಿಗೆ ಸೆರಗು ನಿಲ್ಲದು, ಮೇಲೊಂದು ಮಳೆಯಂಗಿ ಅನಿವಾರ್ಯ. ನೀರಿಳಿಯದ ಬೂಟು ತೊಡಿ. ಅನಂತರ ಊರಿನ ಸಭಾಂಗಣದಲ್ಲಿ ಚಹಾ, ಸ್ಯಾಂಡ್‌ವಿಚ್‌ಗಳಿರುತ್ತವೆ. ಸಸ್ಯಾಹಾರಿಗಳು ಸೂಪಿಗೆ ಕೋಳಿಯ ಸಾರು ಹಾಕಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು, ಸೋಡಾ ಬ್ರೆಡ್ಡು ಬೆಣ್ಣೆ ಹೇಗೂ ಸಿಗುತ್ತದೆ.

ಕುಲದ ಹಳೆಯ ತಲೆಮಾರುಗಳನ್ನು ಕಾಣಲು ಕ್ಲೇರ್ ದ್ವೀಪಕ್ಕೆ ಒಂದು ಇಡೀ ದಿನ ಮೀಸಲಿಡಿ. ಲೂಯಿಸ್‌ಬರ್ಗ್ ದಾಟಿ ರೂನಾ ದಕ್ಕೆಗೆ ಹೋದರೆ ದೋಣಿ ಇಪ್ಪತ್ತು ನಿಮಿಷದೊಳಗೆ ದಾಟಿಸುತ್ತದೆ. ಸಮುದ್ರ ಕೆಟ್ಟರೆ ದೋಣಿ ಬಿಡುವುದಿಲ್ಲವಾದ್ದರಿಂದ ಬೆಳಗ್ಗೆ ಫೋನು ಮಾಡಿ ಹೊರಡಿ. ದ್ವೀಪದ ದಕ್ಕೆಯ ಪಕ್ಕದಲ್ಲೇ ಗ್ರಾನ್ಯ ನಿ ವಾಲ್ಯ, ಅಂದರೆ ಇಂಗ್ಲಿಷಿನವರ ಗ್ರೇಸ್ ಓ'ಮ್ಯಾಲಿಯ ಗೋಪುರಕೋಟೆಯಿದೆ. ಸುಮಾರು 1530ರಲ್ಲಿ ಹುಟ್ಟಿ, ಹಡಗುಗಳ ಪಡೆ ಕಟ್ಟಿ, 1593ರಲ್ಲಿ ಗ್ರೀನಿಚ್‌ನಲ್ಲಿ ರಾಣಿ ಒಂದನೆಯ ಎಲಿಜಬೆತ್‌ಳನ್ನು ಮುಖಾಮುಖಿ ಕಂಡು ತನ್ನವರ ಬಿಡುಗಡೆ ಕೇಳಿದ ಹೆಂಗಸು ಆಕೆ. ನಾಡಿನವರ ನಂಬಿಕೆಯಂತೆ ಆಕೆಯನ್ನು ಮಣ್ಣು ಮಾಡಿದ್ದು ಅದೇ ದ್ವೀಪದ ಹಳೆಯ ಮಠದಲ್ಲಿ. ಮಠದ ಒಳಗೋಡೆಯ ಕಲ್ಲಿನ ಮೇಲೆ ಕಾಡುಹಂದಿ, ಹಡಗುಗಳ ಲಾಂಛನವೂ, ಕುಲವು ನೆಲದಲ್ಲೂ ಕಡಲಲ್ಲೂ ಬಲಶಾಲಿ ಎಂಬ ಲ್ಯಾಟಿನ್ ಬರಹವೂ ಇವೆ. ಚಾವಣಿಯಲ್ಲಿ ಮಧ್ಯಯುಗದ ವರ್ಣಚಿತ್ರಗಳ ತುಣುಕುಗಳು ಇನ್ನೂ ಉಳಿದಿವೆ. ಬಾಗಿಲಿಗೆ ಬೀಗ ಹಾಕಿರುವ ಸಾಧ್ಯತೆ ಇರುವುದರಿಂದ ದೋಣಿಯವರಲ್ಲೇ ಮುಂಚಿತವಾಗಿ ವಿಚಾರಿಸಿ. ಮುಖ್ಯಭೂಮಿಯ ಮರ್ರಿಸ್ಕ್‌ನಲ್ಲಿ, ಓ'ಮ್ಯಾಲಿಗಳು ಕೊಟ್ಟ ಜಾಗದಲ್ಲಿ 1457ರ ಹೊತ್ತಿಗೆ ಎದ್ದ ಅಗಸ್ಟಿನಿಯನ್ ಮಠ ಚಾವಣಿಯಿಲ್ಲದೆ ನಿಂತಿದ್ದು, ಸುತ್ತಲೂ ಸಮಾಧಿಗಳಿವೆ. ದಾರಿಯ ಮೇಲೆಯೇ ಇರುವುದರಿಂದ ಅರ್ಧ ಗಂಟೆ ಸಾಕು.

ಹೆಸರಿನ ಕಲ್ಲಿಲ್ಲದ ಸತ್ತವರ ವಿಷಯಕ್ಕೆ ಬೇರೆಯೇ ತಾಳ್ಮೆ ಬೇಕು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಸತ್ತವರಿಗೆ ಸಮಾಧಿಯಾದರೂ ಎಲ್ಲಿಯದು? ಮರ್ರಿಸ್ಕ್ ಮಠದ ಬಳಿ, ಅಸ್ಥಿಪಂಜರಗಳೇ ಹಾಯಿಹಗ್ಗಗಳಾದ ಹಡಗಿನ ಕಂಚಿನ ಶಿಲ್ಪವನ್ನು ರಾಷ್ಟ್ರೀಯ ಕ್ಷಾಮ ಸ್ಮಾರಕವಾಗಿ 1997ರಲ್ಲಿ ಅಧ್ಯಕ್ಷೆ ಮೇರಿ ರಾಬಿನ್ಸನ್ ಅನಾವರಣಗೊಳಿಸಿದರು. ಲೂಯಿಸ್‌ಬರ್ಗ್‌ನಿಂದ ದಕ್ಷಿಣಕ್ಕಿರುವ ಡೂಲಾ ಕಣಿವೆ ಇನ್ನೂ ಕಠೋರವಾದದ್ದು. 1849ರ ಮಾರ್ಚ್ ಕೊನೆಯಲ್ಲಿ, ಪರಿಹಾರಕ್ಕಾಗಿ ಲೂಯಿಸ್‌ಬರ್ಗ್‌ನಲ್ಲಿ ಸೇರಿದ್ದ ನೂರಾರು ಹಸಿದವರಿಗೆ, ಅಧಿಕಾರಿಗಳು ಆ ಕಣಿವೆಯಾಚೆಯ ಡೆಲ್ಫಿ ಎಂಬಲ್ಲಿನ ಬಂಗಲೆಯಲ್ಲಿ ಬೆಳಗ್ಗೆ ಹಾಜರಾಗುವಂತೆ ಹೇಳಿದರು. ಅಷ್ಟು ದೂರ ಚಳಿಯಲ್ಲಿ ನಡೆದು ಬಂದವರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದಾಗ ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ದಾರಿಬದಿಯ ಸ್ಮಾರಕದ ಮೇಲೆ, ಸಹಜೀವಿಗಳನ್ನು ಅವಮಾನಿಸುವುದರಲ್ಲಿ ಮನುಷ್ಯನಿಗೆ ಯಾವ ಗೌರವವಿದೆ ಎಂದು ಕೇಳುವ ಗಾಂಧೀಜಿಯವರ ಮಾತನ್ನು ಕೆತ್ತಿದ್ದಾರೆ. ಆ ಕಣಿವೆಯಲ್ಲಿ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ಲನ್ನೂ ನೆಚ್ಚಬೇಡಿ.

ಇನ್ನೊಂದು ದಿನವಿದ್ದರೆ ವೆಸ್ಟ್‌ಪೋರ್ಟ್‌ನಿಂದ ಸುಮಾರು ಒಂದು ಗಂಟೆಯ ದಾರಿಯಾದ ಆಕಿಲ್ ದ್ವೀಪದ ಕಿಲ್ಡಾವ್ನೆಟ್ ಸ್ಮಶಾನಕ್ಕೆ ಹೋಗಿ. ಅಲ್ಲಿಯೂ ಓ'ಮ್ಯಾಲಿಗಳದೆನ್ನುವ ಗೋಪುರವಿದೆ. ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳುವ ಕೂಲಿಗೆ ಹೊರಟು 1894ರ ಜೂನ್‌ನಲ್ಲಿ ಕ್ಲ್ಯೂ ಕೊಲ್ಲಿಯಲ್ಲಿ ದೋಣಿ ಮಗುಚಿ ಮುಳುಗಿದ 32 ಮಂದಿಯ ಸ್ಮಾರಕವೂ, ಅದೇ ಕೂಲಿಗೆಂದು ಹೋಗಿ 1937ರ ಸೆಪ್ಟೆಂಬರ್‌ನಲ್ಲಿ ಕರ್ಕಿನ್‌ಟಿಲಾಕ್‌ನ ಕೂಲಿಗಳ ತಂಗುಮನೆಯ ಬೆಂಕಿಯಲ್ಲಿ ಸತ್ತ 10 ಹುಡುಗರ ಸ್ಮಾರಕವೂ ಅಲ್ಲಿವೆ. ಮೊದಲನೆಯವರ ಶವಗಳನ್ನು ತಂದದ್ದು ಆಗತಾನೇ ಸಿದ್ಧವಾಗುತ್ತಿದ್ದ ಆಕಿಲ್ ರೈಲುಹಾದಿಯ ಮೊದಲ ರೈಲು. ಎರಡನೆಯವರನ್ನು ತಂದದ್ದು ಆ ಹಾದಿ ಮುಚ್ಚುವ ಮುನ್ನಿನ ಕೊನೆಯ ದಿನಗಳ ರೈಲು.

ಕುಟುಂಬದವರಲ್ಲಿ ಕೇಳುವಾಗ ಸೂಕ್ಷ್ಮವಾಗಿರಬೇಕಾದ ಸಂಗತಿಯೊಂದಿದೆ. ಜ್ಞಾನಸ್ನಾನಕ್ಕೆ ಮೊದಲೇ ಸತ್ತ ಶಿಶುಗಳಿಗೆ 20ನೆಯ ಶತಮಾನದ ನಡುವಿನವರೆಗೂ ಪವಿತ್ರಗೊಳಿಸಿದ ಸ್ಮಶಾನದಲ್ಲಿ ಜಾಗವಿರಲಿಲ್ಲ; ತಂದೆ ಒಬ್ಬನೇ ಕತ್ತಲಲ್ಲಿ ಹೊತ್ತೊಯ್ದು, ಊರಾಚೆಯ 'ಕಿಲೀನ್' ಎಂಬ ಜಾಗದಲ್ಲಿ, ಗುರುತಿಗೆ ಒಂದು ಕಾಡುಗಲ್ಲಿಟ್ಟು ಹೂಳುತ್ತಿದ್ದ. ಮೇಯೋದಲ್ಲಿ ಇಂಥ ಜಾಗಗಳು ಬಹಳ. ಹಿರಿಯರು ತಾವಾಗಿ ಹೇಳಿದರೆ ಕೇಳಿ, ವಂಶಾವಳಿಯ ಖಾಲಿ ಕೋಣೆ ತುಂಬಲೆಂದು ಕೆದಕಬೇಡಿ.

ಬೇಸಗೆಯಲ್ಲಿ ಹೋಗಲಾಗದವರಿಗೆ ನವೆಂಬರ್ ಇದೆ. ಮಂಗಳೂರಿನ ಕ್ಯಾಥೊಲಿಕರಂತೆ ಐರಿಷರೂ ನವೆಂಬರ್ 2ರಂದು ಮೃತರನ್ನು ಸ್ಮರಿಸುತ್ತಾರೆ; ಜೊತೆಗೆ, ಪ್ರತಿ ಮನೆಯವರೂ ತಮ್ಮ ಸತ್ತವರ ಹೆಸರುಗಳನ್ನು ಬರೆದು ಕಾಣಿಕೆಯೊಂದಿಗೆ ಲಕೋಟೆಯಲ್ಲಿಟ್ಟು ಚರ್ಚಿಗೆ ಕೊಡುತ್ತಾರೆ, ಅವನ್ನು ತಿಂಗಳಿಡೀ ಪೀಠದ ಬಳಿ ಇಟ್ಟಿರುತ್ತಾರೆ. ದೂರದಲ್ಲಿರುವವರು ಬೀಗರ ಮೂಲಕವೇ ಹೆಸರು ಸೇರಿಸಬಹುದು. ಆ ತಿಂಗಳಲ್ಲಿ ಖುದ್ದಾಗಿ ಹೋಗುವವರು ಸಂಜೆ ಐದರ ಸುಮಾರಿಗೇ ಕತ್ತಲಾಗತೊಡಗುತ್ತದೆ, ದ್ವೀಪದ ದೋಣಿಗಳೂ ಕಡಿಮೆಯಾಗಿರುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಸ್ಮಶಾನದ ಕೆಲಸವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಬೇಕು.