ಹೊಕ್ಕುಳಬಳ್ಳಿಯ ರಕ್ತಕ್ಕೂ ಇಎಂಐ

ಹೆಂಡತಿಯ ಕುಬಸ ಆದ ವಾರವೇ ಹೊಕ್ಕುಳಬಳ್ಳಿಯ ರಕ್ತ ಕೂಡಿಡುವ ಒಂದು ಖಾಸಗಿ ಕಂಪನಿಯಿಂದ ಫೋನ್ ಬರಲು ಶುರುವಾಯಿತು. ನಂಬರ್ ಯಾರು ಕೊಟ್ಟರೋ! ಒಂದು ಭಾನುವಾರ ಆ ಕಂಪನಿಯ ಹುಡುಗ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮಾವನ ಮನೆಗೇ ಬಂದ.

"ಹೆರಿಗೆ ಆದ್ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯೋ ರಕ್ತ ಸುಮ್ನೆ ಕಸಕ್ಕೆ ಹೋಗುತ್ತೆ ಸರ್. ಅದರ ಸ್ಟೆಮ್ ಸೆಲ್, ಅಂದ್ರೆ ಹೊಸ ರಕ್ತಕಣ ಹುಟ್ಟಿಸೋ ಜೀವಕೋಶ, ತೆಗೆದು ಮೈನಸ್ 196 ಡಿಗ್ರಿಯಲ್ಲಿ ಇಡ್ತೀವಿ. ನಾಳೆ ಮಗುವಿಗೆ ಏನಾದ್ರೂ ಆದ್ರೆ..." ಎಂದು ರೋಗಗಳ ಪಟ್ಟಿ ಓದತೊಡಗಿದ. ಇಎಂಐ ಕೂಡ ಇತ್ತು.

"ಸಾಕು ಮಾಡೋ ತಮ್ಮಾ, ಬಸರಿ ಹೆಂಗಸಿನ ಮುಂದ ಇಂಥಾ ಮಾತ್ಯಾಕ?" ಎಂದು ಅತ್ತೆ ಚಹಾ ಇಟ್ಟು ಹೋದರು. ಒಣಗಿ ಬಿದ್ದ ಹೊಕ್ಕುಳ ತುಂಡನ್ನು ಬೆಳ್ಳಿ ತಾಯತದಲ್ಲಿ ಹಾಕಿ ಮಕ್ಕಳಿಗೆ ಕಟ್ಟಿದವರು ಅವರು. ಅದಕ್ಕೆ ಕಂತು ಇರಲಿಲ್ಲ, ಅಷ್ಟೇ.

ನನ್ನ ಚಿಂತೆ ಬೇರೆ. ನಮ್ಮ ದೊಡ್ಡಪ್ಪನ ಮೊಮ್ಮಗಳಿಗೆ ಥಲಸ್ಸೇಮಿಯಾ ಎಂಬ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆ ಇದೆ. ಮತ್ತೆ ಮತ್ತೆ ರಕ್ತ ಹಾಕಿಸಬೇಕು. "ನಮ್ಮ ಮಗುವಿಗೂ ಅದೇ ಬಂದರೆ, ಅದರ ರಕ್ತ ಅದಕ್ಕೇ ಉಪಯೋಗಕ್ಕೆ ಬರುತ್ತಾ?" ಎಂದು ಕೇಳಿದೆ. ಹುಡುಗ ಪುಟ ತಿರುವಿದ. "ಕೇಳಿ ಹೇಳ್ತೀನಿ ಸರ್."

ಉತ್ತರ ಕೊಟ್ಟವರು ನಮ್ಮ ಹೆರಿಗೆ ಡಾಕ್ಟರ್. ಬರುವುದಿಲ್ಲ. ದೋಷ ಜೀನ್‌ನಲ್ಲೇ ಇದ್ದರೆ ಕೂಡಿಟ್ಟ ಜೀವಕೋಶದಲ್ಲೂ ಅದೇ ದೋಷ ಇರುತ್ತದೆ, ಅಲ್ವಾ? ಅದಕ್ಕೇ ಮಗುವಿನ ಸ್ವಂತ ಬಳಕೆಗೆಂದು ಇಂಥ ಖಾಸಗಿ ಬ್ಯಾಂಕಿನಲ್ಲಿ ಇಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಒಪ್ಪಿಲ್ಲ. ಹಾಗಂತ ಈ ರಕ್ತದ ಉಪಯೋಗವೇ ಸುಳ್ಳಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದ್ದ ಹುಡುಗನಿಗೆ, ತಂಗಿ ಹುಟ್ಟಿದಾಗ ತೆಗೆದಿಟ್ಟಿದ್ದ ಬಳ್ಳಿರಕ್ತ ಕೊಟ್ಟು ಉಳಿಸಿದರಂತೆ. ಮನೆಯಲ್ಲಿ ಆಗಲೇ ಇಂಥ ಕಾಯಿಲೆ ಇರುವ ಮಗು ಇದ್ದರೆ, ಅದಕ್ಕೆ ತಮ್ಮ-ತಂಗಿಯ ಬಳ್ಳಿರಕ್ತ ಆಗಬಹುದು; ಲೆಕ್ಕ ಬೇರೆ.

ಇನ್ನೊಂದು ಮಾತನ್ನೂ ಹೇಳಿದರು. ಮಗು ಹುಟ್ಟಿದ ಮೇಲೆ ಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ತಡೆದರೆ, ಅದರಲ್ಲಿರುವ ರಕ್ತ ಮಗುವಿಗೇ ಹರಿಯುತ್ತದೆ, ಕಬ್ಬಿಣದ ಅಂಶ ಜಾಸ್ತಿ ಸಿಗುತ್ತದೆ. ಆಗ ಬ್ಯಾಂಕಿಗೆ ತುಂಬಿಸುವ ಚೀಲಕ್ಕೆ ರಕ್ತ ಕಡಿಮೆ. ಅಲ್ಲಿಗೆ ನಾವಿಬ್ಬರೂ ಬೇಡ ಅಂದೆವು. ಹೆರಿಗೆ ದಿನ ಡಾಕ್ಟರ್ ತಡೆದೇ ಕತ್ತರಿಸಿದರು.

ಈ ವಿಷಯ ನಿಜವಾಗಿ ಬೇಕಿದ್ದದ್ದು ಥಲಸ್ಸೇಮಿಯಾ ಇರುವ ಆ ಹುಡುಗಿಯ ಅಪ್ಪನಿಗೆ, ಅಂದರೆ ದೊಡ್ಡಪ್ಪನ ಮಗನಿಗೆ. ಎರಡನೇ ಮಗುವಿನ ಯೋಚನೆ ಅವನಿಗಿದೆ. ಆ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದರ ಜೀವಕೋಶ ಅಕ್ಕನ ದೇಹಕ್ಕೆ ಪೂರ್ತಿ ಹೊಂದುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಬಸಿರಿನಲ್ಲೇ ಪರೀಕ್ಷೆ ಆಗಬೇಕು. ಮುಂದಿನ ವಾರ ಗಂಡ ಹೆಂಡತಿ ಬೆಳಗಾವಿಗೆ ಹೋಗಿ ರಕ್ತರೋಗದ ಡಾಕ್ಟರನ್ನು ಕಾಣುವವರಿದ್ದಾರೆ.